ಬ್ರಿಜ್ ಹತ್ತಿ ಇಳಿದರೆ ಎರಡನೆಯದು

ಶಬಾನಾ, ನಿನ್ನ ತಮ್ಮ ಅಜೀಜ ತಪ್ಪು ಮಾಡಲಿಲ್ಲ. ಮುಂಬೈ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ಗೆ ಹೋಗಿ ಎಂದು ನಿಮ್ಮಿಬ್ಬರನ್ನು ಕಳಿಸಿದವಳು ನಾನು. ಎರಡನೆಯದೆಂದೇ ಹೇಳಿದ್ದೆ, ಅವನೇ ಮರೆತ ಎಂದು ಆಮೇಲೆ ನಿನ್ನ ಮುಂದೆ ಹೇಳಿದೆನಲ್ಲ — ಅದು ಸುಳ್ಳು. ಹಸಿ ಸುಳ್ಳು.

ವಾಡಿಯ ನಮ್ಮ ಓಣಿಯಲ್ಲಿ ಆಗ ವಿಮಾನ ಹತ್ತಿದ್ದವಳು ನಾನೊಬ್ಬಳೇ. ಶಿಕ್ಷಕರ ತರಬೇತಿಗೆಂದು ಒಮ್ಮೆ ಮುಂಬೈಯಿಂದ ದಿಲ್ಲಿಗೆ ಹೋಗಿ ಬಂದದ್ದು, ಅಷ್ಟೇ. ಆ ಒಂದು ಪ್ರಯಾಣದ ಮೇಲೆ ಎಷ್ಟು ವರ್ಷ ಮೆರೆದೆ! ಯಾರು ಚಹಾಕ್ಕೆ ಕರೆದರೂ ಅದೇ ಮಾತು. ಕೇಳುವವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು, ನನ್ನ ನಾಲಿಗೆ ನಿಲ್ಲುತ್ತಿರಲಿಲ್ಲ.

ಮಸ್ಕತ್‌ನಲ್ಲಿ ನಿನ್ನ ಗಂಡ ರಫೀಕನಿಗೆ ಹೃದಯಾಘಾತವಾಗಿ, ಹೆಂಡತಿಯನ್ನು ಬೇಗ ಕಳಿಸಿ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಅವನ ಮಾಲೀಕರೇ ವೀಸಾ, ಟಿಕೆಟ್ ಕಳಿಸಿದರು. ಹೈದರಾಬಾದಿನಿಂದ ಸೀಟು ಇರಲಿಲ್ಲ, ಮುಂಬೈಯಿಂದ ಸಿಕ್ಕಿತ್ತು. ನೀನು ಒಳಗೆ ಅಳುತ್ತಾ ಬಟ್ಟೆ ತುಂಬುತ್ತಿದ್ದೆ. ನಿನ್ನನ್ನು ಮುಂಬೈವರೆಗೆ ಬಿಟ್ಟುಬರಲು ಹೊರಟಿದ್ದ ಅಜೀಜ ನನ್ನ ಮನೆಗೆ ಓಡಿಬಂದು ಮೊಬೈಲಿನಲ್ಲಿ ಟಿಕೆಟ್ ತೋರಿಸಿದ.

ನಾನು ನೋಡಿದ್ದು ವಿಮಾನ ಕಂಪನಿಯ ಹೆಸರನ್ನು ಮಾತ್ರ. ದಿಲ್ಲಿಗೆ ನಾನು ಹೋದದ್ದೂ ಅದೇ ಕಂಪನಿಯಲ್ಲಿ, ಒಂದನೇ ಟರ್ಮಿನಲ್‌ನಿಂದ.

"ಈ ಕಂಪ್ನೀದು ಒಂದನೇದ್ರಾಗೇ ಇರ್ತದ. ಸೀದಾ ಅಲ್ಲೇ ಹೋಗ್ರಿ," ಎಂದೆ.

"ಇಲ್ಲಿ ಟಿ-ಎರಡು ಅಂತ ಬರದದಲ್ರಿ ಟೀಚರ್?"

ಶಾಲೆಯಲ್ಲಿ ನಾನೇ ದಡ್ಡನೆಂದು ಹಿಂದಿನ ಬೆಂಚಿಗೆ ತಳ್ಳಿದ್ದ ಹುಡುಗ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವವನು. ಅವನು ನನ್ನನ್ನು ತಿದ್ದುವುದೇ? ಮೈಯೆಲ್ಲ ಉರಿದುಹೋಯಿತು.

"ಭಾಳ ಶಾಣ್ಯಾ ಆಗಬ್ಯಾಡ. ಶಾಲ್ಯಾಗೂ ನಿಂದು ಇದೇ ಹಣೇಬರ ಇತ್ತು. ನಮ್ಮ ವಾಡಿ ಟೇಶನ್ದಾಗ ಒಂದನೇ ಪ್ಲಾಟ್‌ಫಾರ್ಮಿಂದ ಬ್ರಿಜ್ ಹತ್ತಿ ಇಳದ್ರ ಎರಡನೇದು ಬರ್ತದಿಲ್ಲೋ? ಅಲ್ಲೂ ಹಂಗೇ."

ಅವನು ತಲೆ ಬಗ್ಗಿಸಿ ಹೋದ.

ಅಲ್ಲಿ ಹಾಗಿಲ್ಲ. ಒಂದೇ ಕಂಪನಿಯಾದರೂ ದೇಶದೊಳಗೆ ಹಾರುವುದು ಒಂದು ಕಡೆಯಿಂದ, ಹೊರದೇಶಕ್ಕೆ ಹಾರುವುದು ಇನ್ನೊಂದು ಕಡೆಯಿಂದ. ನಡುವೆ ಬ್ರಿಜ್ ಇಲ್ಲ — ಮುಂಬೈಯ ರಸ್ತೆ, ಸಿಗ್ನಲ್ಲು, ಸಾಲುಗಟ್ಟಿ ನಿಂತ ವಾಹನಗಳು. ಯಾರನ್ನಾದರೂ ಕೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. ಕೇಳಿದ್ದರೆ ಮೊದಲು 'ನನಗೆ ಗೊತ್ತಿಲ್ಲ' ಎನ್ನಬೇಕಾಗುತ್ತಿತ್ತು, ಅದೊಂದು ಮಾತು ನನ್ನ ಬಾಯಲ್ಲಿ — ಇಲ್ಲ, ಬರಲೇ ಇಲ್ಲ.

ಒಂದನೆಯದರ ಬಾಗಿಲಲ್ಲಿ ನಿಮ್ಮನ್ನು ತಡೆದರು. ಟ್ಯಾಕ್ಸಿ ಹಿಡಿದು ಎರಡನೆಯದಕ್ಕೆ ಮುಟ್ಟುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ನೀನು ಕೈಮುಗಿದು ಬೇಡಿಕೊಂಡೆಯಂತೆ. ಮರುದಿನದ ವಿಮಾನದಲ್ಲಿ ನೀನು ಹೋಗಿ ಇಳಿದಾಗ ರಫೀಕ — ಕೊನೆಯವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದ ಎಂದು ಪಕ್ಕದ ಮಂಚದ ರೋಗಿ ಹೇಳಿದ್ದನ್ನು ನೀನು ನನ್ನ ಹೆಗಲ ಮೇಲೆಯೇ ತಲೆಯಿಟ್ಟು ಹೇಳಿದೆ. ನನ್ನ ಹೆಗಲ ಮೇಲೆ! ನಾನು ನಿನ್ನ ಬೆನ್ನು ಸವರುತ್ತಿದ್ದೆ.

ರಫೀಕನ ದೇಹವನ್ನು ವಾಡಿಗೆ ತಂದು, ಮಣ್ಣು ಮುಗಿಸಿ ಗಂಡಸರು ಬಂದ ಮೇಲೆ ನೀನು ಎಲ್ಲರ ಎದುರಿಗೇ ಕೇಳಿದೆ. "ಟೀಚರ್, ನೀವು ಇವಗ ಯಾವ್ದು ಹೇಳಿದ್ರಿ?" ಅಜೀಜ ಗೋಡೆಗೆ ಒರಗಿ ನಿಂತಿದ್ದ.

"ಎರಡನೇದಂತ್ಲೇ ಹೇಳಿದ್ದೆವ್ವಾ. ಇವ ಯಾವಾಗ ಸರಿ ಕೇಳಿಸ್ಕೊಂಡಾನ?"

ಎಲ್ಲರೂ ನಂಬಿದರು. ಏಕೆ ನಂಬಬಾರದು? ಅವನು ದಡ್ಡನೆಂದು ಓಣಿಗೆಲ್ಲ ಸಾರಿದವಳು ನಾನೇ ತಾನೇ. ಅವನು ಏನೋ ಹೇಳಲು ಬಾಯಿ ತೆರೆದ, ನನ್ನ ಮುಖ ನೋಡಿದ, ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಅಂದಿನಿಂದ ನೀನು ಅವನನ್ನು ಹೊಸ್ತಿಲು ದಾಟಲು ಬಿಟ್ಟಿಲ್ಲ. ನನಗೆ ಮಾತ್ರ ಪ್ರತಿ ಈದ್‌ಗೆ "ಬರ್ರಿ ಟೀಚರ್, ಕುಂದ್ರಿ" — ಬಟ್ಟಲು ತುಂಬ ಶಾವಿಗೆಯ ಶೀರ್ ಕುರ್ಮಾ. ನಾನು ಕೂತೆ, ಉಂಡೆ. ಥೂ ನನ್ನ ಜನ್ಮಕ್ಕೆ.

ಮೊನ್ನೆ ಅಜೀಜ ನನ್ನ ಮನೆಗೆ ಬಂದಿದ್ದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿವೆ. ಒಳಗೆ ಬಾ ಎಂದರೂ ಬರದೆ, ಬಾಗಿಲಲ್ಲೇ ನಿಂತು ಮಾತಾಡಿದ.

"ಅಕ್ಕ ತನ್ನ ಮಗಳು ನಸ್ರೀನಂದು ಲಗ್ನ ಮಾಡಾಕತ್ತಾಳ್ರಿ. ನನಗ ಕರೆದಿಲ್ಲ. ಮಾಮಾ ಇಲ್ದ ಲಗ್ನ ಅಂದ್ರ... ನೀವು ಒಂದ್ ಮಾತು ಹೇಳ್ರಿ ಟೀಚರ್, ನಿಮ್ಮ ಮಾತು ಕೇಳ್ತಾಳ. ನಂದೇ ತಪ್ಪದ, ಮಾಫ್ ಮಾಡು ಅನ್ರಿ. ನೀವು ಎರಡಂತ್ಲೇ ಹೇಳಿರಬೇಕು, ನಾನೇ ಒಂದಂತ ಕೇಳಿಸ್ಕೊಂಡೆ."

ಅವನು ನನ್ನನ್ನು ಅಣಕಿಸುತ್ತಿರಲಿಲ್ಲ, ಶಬಾನಾ. ನಿಜವಾಗಿಯೂ ನಂಬಿದ್ದ. ಕಣ್ಣಾರೆ ಓದಿದ್ದನ್ನು, ಕಿವಿಯಾರೆ ಕೇಳಿದ್ದನ್ನು ಬಿಟ್ಟು ಟೀಚರಿನ ಸುಳ್ಳನ್ನೇ ತನ್ನ ನೆನಪು ಮಾಡಿಕೊಂಡಿದ್ದ. ಇಷ್ಟು ವರ್ಷ ನಾನು ಕಲಿಸಿದ್ದರಲ್ಲಿ ಅವನ ತಲೆಗೆ ಹೋದದ್ದು ಇದೊಂದೇ.

"ಹೇಳ್ತೀನಪ್ಪ," ಎಂದೆ. ಏನು ಹೇಳುತ್ತೇನೆಂದು ಅವನಿಗೆ ಹೇಳಲಿಲ್ಲ.

ನಿನ್ನ ಎದುರು ಬಾಯಿ ಕಟ್ಟೀತೆಂದು ಇದನ್ನು ಬರೆದಿಟ್ಟುಕೊಂಡಿದ್ದೇನೆ. ಇಂದು ಸಂಜೆ ಅವನನ್ನು ಕರೆದುಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ, ಅವನ ಎದುರಿಗೇ ಓದುತ್ತೇನೆ. ಓದಿ ಮುಗಿದ ಮೇಲೆ ಅವನನ್ನು ಒಳಗೆ ಕರೆದುಕೋ. ನನಗೆ ಮಾತ್ರ ಬರ್ರಿ, ಕುಂದ್ರಿ ಎನ್ನಬೇಡ.