ಬೋನಿಗೆ ತಾನೇ ಹೋಗುವ ನಾಯಿ

ಮಗಳು ನಾಯಿಗೆಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಬೋನು ಮಾಡಿಸಿ ಆಟೋದಲ್ಲಿ ತಂದಳು. ಅಡುಗೆಮನೆಯ ಬಾಗಿಲ ಪಕ್ಕ ಇಟ್ಟು, ಒಳಗೆ ನನ್ನ ಹಳೆಯ ಸೀರೆ ಮಡಚಿ ಹಾಸಿದಳು.

"ಇದು ಅದರ ಮನಿ, ಅವ್ವಾ."

"ಇಷ್ಟು ದಿನ ಬಾಡಿಗಿ ಮನ್ಯಾಗ ಇತ್ತೇನು?" ಅಂದೆ.

ನಾನು ಕಂಡಿದ್ದ ಬೋನು ಬೇರೆ. ದಾಂಡೇಲಿಗೆ ಬರುವ ಮೊದಲು ನಾವು ಕುಳಗಿ ಕಡೆ ಇದ್ದೆವು. ಅಲ್ಲಿ ಮನೆಗಳ ಹತ್ತಿರ ಚಿರತೆ ಓಡಾಡತೊಡಗಿದಾಗ ಅದನ್ನು ಹಿಡಿಯಲು ಅರಣ್ಯ ಇಲಾಖೆಯವರು ಬೋನು ಇಟ್ಟರು. ಅದರಲ್ಲಿ ಎರಡು ಖಾನೆ. ಹಿಂದಿನದರಲ್ಲಿ ನಾಯಿ ಇರಬೇಕು, ಅದರ ಆಸೆಗೆ ಚಿರತೆ ಮುಂದಿನದಕ್ಕೆ ಬರಬೇಕು. ನಾಯಿ ಕೊಡಲು ಯಾರೂ ಒಪ್ಪಲಿಲ್ಲ. ನನ್ನ ಗಂಡ ನಮ್ಮದನ್ನು ಕೊಡುತ್ತೇನೆ ಅಂದ. ನಾನೇ ರೊಟ್ಟಿ ತೋರಿಸಿ ಒಳಗೆ ಕರೆದೆ. ಬಾಗಿಲು ಹಾಕಿದರು.

ಚಿರತೆ ಬರಲಿಲ್ಲ. ಎರಡು ದಿನದ ಮೇಲೆ ನಾಯಿಯನ್ನು ಬಿಟ್ಟರು. ಮೈಗೆ ಏನೂ ಆಗಿರಲಿಲ್ಲ. ಆದರೆ ಅದು ಮತ್ತೆ ನಮ್ಮ ಹೊಸ್ತಿಲು ದಾಟಲಿಲ್ಲ, ನನ್ನ ಕೈಯ ರೊಟ್ಟಿ ತಿನ್ನಲಿಲ್ಲ. ಸಾಯುವ ತನಕ ಕಟ್ಟಿಗೆ ಒಟ್ಟಿದ್ದಲ್ಲಿ ಮಲಗಿತು.

ಈಗ ಮಗಳೂ ರೊಟ್ಟಿಯ ತುಂಡನ್ನೇ ಬೋನಿನೊಳಗೆ ಎಸೆದಳು. ನಾನು ಎದ್ದು ಅಂಗಳಕ್ಕೆ ಹೋದೆ. ಎಷ್ಟೋ ದಿನ ಅವಳು ಬೋನಿನ ಬಾಗಿಲನ್ನೇ ಹಾಕಲಿಲ್ಲ. ಆಮೇಲೆ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಹಾಕಿದಳು. ಆಮೇಲೆ ಕೆಲಸಕ್ಕೆ ಹೋಗುವಾಗ ಹಾಕಿ ಹೋಗತೊಡಗಿದಳು. ಅವಳು ಓಣಿ ದಾಟಿದ ಕೂಡಲೇ ನಾನು ಚಿಲಕ ತೆಗೆಯುತ್ತಿದ್ದೆ. ನಾಯಿ ನನ್ನನ್ನು ನೋಡಿ ಬಾಲ ಆಡಿಸಿ ಅಲ್ಲೇ ಮಲಗಿರುತ್ತಿತ್ತು. ಅದಕ್ಕೆ ಬುದ್ಧಿ ಇಲ್ಲವೋ, ನನಗೆ ಇಲ್ಲವೋ ತಿಳಿಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮೋಟರ್ ಸೈಕಲ್ ಬಡಿದು ಅದರ ಹಿಂಗಾಲು ಮುರಿಯಿತು. ದವಾಖಾನೆಯ ಡಾಕ್ಟರು ಪಟ್ಟಿ ಕಟ್ಟಿ, ಓಡಿದರೆ, ಜಿಗಿದರೆ ಕಾಲು ಸೊಟ್ಟ ಕೂಡುತ್ತದೆ ಅಂದರು.

"ಬೋನಿನಾಗ ಇರೂ ರೂಢಿ ಐತೇನ್ರಿ?"

"ಐತ್ರಿ," ಅಂದಳು ಮಗಳು.

"ಹಂಗಾದ್ರ ಕಾಲು ಉಳೀತೈತಿ. ರೂಢಿ ಇಲ್ಲದವು ಗುದ್ದ್ಯಾಡಿ ಕೆಡಿಸ್ಕೊಂತಾವ."

ಮನೆಗೆ ಬಂದು ಮಗಳು ನನ್ನ ಕಡೆ ತಿರುಗಿದಳು. "ಇನ್ನ ಚಿಲಕಾ ತಗೀಬ್ಯಾಡ ಅವ್ವಾ. ನೀ ದಿನಾ ತಗೀತಿದ್ದಿ, ನನಗ ಗೊತ್ತೈತಿ."

"ಗೊತ್ತಿದ್ರ ಯಾಕ ಸುಮ್ನಿದ್ದಿ?"

"ನಾಯಿ ಸುಮ್ನಿತ್ತಲಾ."

ಮಧ್ಯಾಹ್ನ ಅದನ್ನು ಉಚ್ಚೆಗೆ ಅಂಗಳಕ್ಕೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಒಳಗೆ ಬಂದದ್ದೇ ಅದು ಕುಂಟುತ್ತ ನನಗಿಂತ ಮುಂದೆ ಬೋನಿಗೆ ಹೋಗಿ, ಸೀರೆಯ ಮೇಲೆ ಒಂದು ಸುತ್ತು ತಿರುಗಿ ಕೂತಿತು. ಬಾಗಿಲು ಹಾಕಬೇಕಾದವಳು ನಾನು. ಚಿಲಕ ಹಿಡಿದು ಸುಮಾರು ಹೊತ್ತು ನಿಂತೆ. ಹಾಕಿದೆ. ಕೂಗುತ್ತದೆ ಅಂದುಕೊಂಡೆ, ಕೂಗಲಿಲ್ಲ. ಸರಳಿನ ಸಂದಿಯಲ್ಲಿ ರೊಟ್ಟಿ ಹಿಡಿದರೆ ನನ್ನ ಕೈಯಿಂದಲೇ ತಿಂದಿತು.

ಪಟ್ಟಿ ಬಿಚ್ಚಿದರು. ಕಾಲು ನೆಟ್ಟಗಿದೆ. ಈಗ ನಾವು ಚಿಲಕ ಹಾಕುವುದಿಲ್ಲ. ಆದರೂ ಮಧ್ಯಾಹ್ನ ನಾನು ಅಕ್ಕಿ ಹಸನು ಮಾಡಲು ಕೂತರೆ ಅದು ಹೋಗಿ ಬೋನಿನಲ್ಲೇ ಮಲಗುತ್ತದೆ. ಅದೇ ಕಬ್ಬಿಣ, ಅದೇ ರೊಟ್ಟಿ. ಕುಳಗಿಯ ಆ ನಾಯಿಗೆ ಹಾಗಾಯಿತು, ಇದಕ್ಕೆ ಹೀಗೆ.

"ಯಾಕ ಹೊಕ್ಕೀ ಅದರಾಗ?" ಎಂದು ನಿನ್ನೆ ಕೇಳಿದೆ. ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು.