ನಾಗಮ್ಮನವರ ಆರು ಫ್ಯಾನುಗಳು

ರಾಯಚೂರಿನ ನಮ್ಮ ಬಾಡಿಗೆ ಮನೆಯ ಕೆಳಗಿನ ಮನೆಯಲ್ಲಿ ಈಗ ಬಾಣಂತಿ ಇದ್ದಾಳೆ. ನಾಲ್ಕು ದಿನದಿಂದ ಮುಂಜಾನೆ ಒಂಬತ್ತರ ಹೊತ್ತಿಗೆ ಸರಿಯಾಗಿ ಅಜವಾನ, ಲೋಬಾನದ ಹೊಗೆ ಮೆಟ್ಟಿಲು ಹತ್ತಿಕೊಂಡು ನನ್ನ ಅಡುಗೆಮನೆಗೆ ಬರುತ್ತದೆ. ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದು ಹಾಗೇ ನಿಂತುಬಿಡುತ್ತೇನೆ, ಸಾಸಿವೆ ಸೀದುಹೋಗುತ್ತದೆ, ಶಾಲೆಗೆ ಹೊತ್ತಾಗುತ್ತದೆ. ಎರೆದುಕೊಂಡ ಮೈಯ ಬಿಸಿ, ಒದ್ದೆ ಕೂದಲು, ಕೆಂಡದ ಮೇಲೆ ಚಟಪಟ ಸಿಡಿಯುವ ಅಜವಾನ, ಎಳೆಮಗುವಿನ ಎಣ್ಣೆ ನೆತ್ತಿ ಇವೆಲ್ಲ ಕೂಡಿದ ಆ ವಾಸನೆ ನಿಮ್ಮ ಮೂಗಿಗೂ ಗೊತ್ತಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ನಾನು ಬೆಳೆದ ಮನೆಗೆ ಇದೇ ವಾಸನೆ ಇತ್ತು. ಮನೆ ಅನ್ನುವುದು ರೂಢಿಯ ಮಾತು ಅಷ್ಟೆ. ಅದು ದೇವದುರ್ಗದ ಆರು ಮಂಚದ ಹೆರಿಗೆ ಆಸ್ಪತ್ರೆ, ಅದರ ಹಿಂದಿನ ಎರಡು ಕೋಣೆ ನಮ್ಮವು.

ಊರಿನವರೇ ಕೂಡಿ ಮಾಡಿದ ಆಸ್ಪತ್ರೆ ಅದು. ಒಬ್ಬರು ಹಳೆಯ ಮನೆ ಬಿಟ್ಟುಕೊಟ್ಟರು, ಒಬ್ಬರು ನೆಲಕ್ಕೆ ಫರಸಿಕಲ್ಲು ಹಾಕಿಸಿದರು, ಮತ್ತೊಬ್ಬರು ಮಂಚ ತಂದರು. ಕೊಟ್ಟವರು ಯಾರೂ ಹೆಸರು ಬರೆಸದೆ ಬಿಡಲಿಲ್ಲ. ನೀರಿನ ಟಾಕಿ, ಬೀರು, ಗೋಡೆ ಗಡಿಯಾರ, ಕೊನೆಗೆ ಕಸದ ಡಬ್ಬಿಯ ಮೇಲೂ ಯಾರದೋ ತಂದೆಯವರೋ ತಾಯಿಯವರೋ ಇದ್ದರು. ಶಾಲೆಗೆ ಹೋಗುವ ಮೊದಲೇ ನಾನು ‘ಸ್ಮರಣಾರ್ಥ’ ಎಂಬ ಶಬ್ದವನ್ನು ತಪ್ಪಿಲ್ಲದೆ ಓದುತ್ತಿದ್ದೆ, ‘ಅರಸ’ ‘ಆಡು’ ಆಮೇಲೆ ಬಂದವು. ಹಗಲೂ ರಾತ್ರಿ ಅಲ್ಲೇ ಇರುತ್ತಿದ್ದ ನಮ್ಮವ್ವನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಅವಳ ಹೆಸರು ಈರಮ್ಮ. ಊರಿಗೆಲ್ಲ ಅವಳು ಸಿಸ್ಟರವ್ವ. ಡಾಕ್ಟರಮ್ಮ ಮಂಗಳವಾರ, ಶುಕ್ರವಾರ ರಾಯಚೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನ ಅವ್ವ ಮತ್ತು ಆಯಾ ದುರುಗವ್ವ, ಇಬ್ಬರೇ. ದುರುಗವ್ವ ಮುಂಚೆ ತನ್ನ ಓಣಿಯಲ್ಲಿ ಸೂಲಗಿತ್ತಿಯಾಗಿದ್ದವಳು, ಅವಳ ಅತ್ತೆಯೂ ಅದೇ ಕೆಲಸದವಳು. ಅಪ್ಪ ಲಾರಿಯ ಮೇಲೆ ಇರುತ್ತಿದ್ದ, ಹಬ್ಬಕ್ಕೆ ನೆಂಟನ ಹಾಗೆ ಬರುತ್ತಿದ್ದ.

ಆ ಆಸ್ಪತ್ರೆಗಿದ್ದ ರೋಗ ಒಂದೇ, ಮಂಚಗಳು ಖಾಲಿ. ಹೆಂಗಸರು ಹೆರಲು ಬರುತ್ತಿದ್ದರು, ಮುಂಜಾನೆ ಹೆತ್ತವರು ಸಂಜೆಗೆ ಟಂಟಂ ಹತ್ತಿ ಊರಿಗೆ ಹೊರಟುಬಿಡುತ್ತಿದ್ದರು. ಮೂರು ದಿನ ಇರಿ ಎಂದು ಅವ್ವ ಕೈಮುಗಿದರೂ ಕೇಳುತ್ತಿರಲಿಲ್ಲ. ಇದರಿಂದ ಲಾಭವಾದದ್ದು ನನಗೊಬ್ಬಳಿಗೆ. ಆರು ಮಂಚಕ್ಕೆ ಆರು ವಿಷಯ ಹಂಚಿಕೊಂಡಿದ್ದೆ. ಕಿಟಕಿಯ ಪಕ್ಕದ್ದು ಕನ್ನಡ, ಬಾಗಿಲ ಹತ್ತಿರದ್ದು ಸಮಾಜ, ಮೂಲೆಯ ಕತ್ತಲಿನದು ಗಣಿತ. ಹೋಂವರ್ಕ್ ಮಾಡುತ್ತ ಮಂಚದಿಂದ ಮಂಚಕ್ಕೆ ಮಹಾರಾಣಿಯ ಹಾಗೆ ತಿರುಗುತ್ತಿದ್ದೆ. ಅವ್ವ ನನ್ನನ್ನು ನೋಡಿ ನಗುತ್ತಿರಲಿಲ್ಲ. ಅದು ಯಾಕೆಂದು ಆಗ ತಿಳಿಯಲಿಲ್ಲ.

ಹೆಂಗಸರು ಓಡಿಹೋಗುವುದು ಸೆಕೆಗೆ ಎಂದು ಡಾಕ್ಟರಮ್ಮ ತೀರ್ಮಾನ ಮಾಡಿದರು. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರು ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಕಮಿಟಿಯ ಚೇರ್ಮನ್ ಶರಣಪ್ಪ ಸಾಹುಕಾರರು, ಹತ್ತಿ ವ್ಯಾಪಾರದವರು, ಮಾತು ಬೀಳುವುದೇ ತಡ ಆರು ಫ್ಯಾನು ಕೊಟ್ಟರು. ತೊಟ್ಟಿಲಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು ಅವರು. ಆಕೆಯದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ, ಉಳಿದದ್ದು ಹೆಸರಷ್ಟೆ. ಒಂದೊಂದು ಫ್ಯಾನಿನ ಒಂದು ರೆಕ್ಕೆಗೆ ‘ನಾಗಮ್ಮನವರ’, ಇನ್ನೊಂದಕ್ಕೆ ‘ಸ್ಮರಣಾರ್ಥ’, ಮೂರನೆಯದಕ್ಕೆ ‘ಮಗ ಶರಣಪ್ಪ’ ಎಂದು ಪೇಂಟರ್ ಕೆಂಪು ಬಣ್ಣದಲ್ಲಿ ಬರೆದ. ಬರೆದು ತೂಗುಹಾಕಿದ ದಿನ ಸಾಹುಕಾರರು ಹತ್ತಿ ಮಾರಲು ಅದೋನಿಗೆ ಹೋಗಿದ್ದರು. ಫ್ಯಾನು ತಿರುಗಿದ್ದೇ ತಡ, ಸಂಜೆಯವರೆಗೆ ಇರುತ್ತಿದ್ದ ಹೆಂಗಸರು ಮಧ್ಯಾಹ್ನಕ್ಕೇ ಹೊರಟರು. ಬಾಣಂತಿಗೆ ಗಾಳಿ ಬಡಿಯಬಾರದು, ತಂಪು ತಾಗಬಾರದು. ಸುಡುಸುಡು ನೀರು ಎರೆಯಬೇಕು, ಹೊರಸಿನ ಕೆಳಗೆ ಕೆಂಡ ಇಡಬೇಕು, ಅಜವಾನದ ಹೊಗೆ ಕೊಡಬೇಕು. ದುರುಗವ್ವ ಇದನ್ನು ಮೊದಲಿನಿಂದ ಹೇಳುತ್ತಿದ್ದಳು. ಡಾಕ್ಟರಮ್ಮ ವಾರ್ಡಿನಲ್ಲಿ ಬೆಂಕಿ ಕಂಡರೆ ಬೀಗ ಹಾಕಿಸುತ್ತೇನೆ ಎಂದಿದ್ದರು. ನಡುವೆ ಸಿಕ್ಕವಳು ಅವ್ವ.

ಹಾಗಾಗಿ ಅವ್ವ ಒಂದು ಉಪಾಯ ಕಂಡುಕೊಂಡಿದ್ದಳು. ಫ್ಯಾನು ಆರಿಸಿಯೇ ಇಡುವುದು. ಸಾಹುಕಾರರು ಬರುವ ಸೋಮವಾರ ಮಾತ್ರ, ಓಣಿಯ ತಿರುವಿನಲ್ಲಿ ಅವರ ಸ್ಕೂಟರಿನ ಸದ್ದು ಕೇಳಿದ ಕೂಡಲೇ, ಸೆರಗು ಸಿಕ್ಕಿಸಿಕೊಂಡು ಓಡಿ ಆರೂ ಸ್ವಿಚ್ಚು ಒತ್ತುವುದು. ತಾಯಿಯ ಹೆಸರಿನಲ್ಲಿ ಕೊಟ್ಟ ಫ್ಯಾನು ನಿಂತಿದ್ದನ್ನು ಕಂಡರೆ ಪಾಪ, ಮನಸ್ಸು ಎಷ್ಟು ನೊಂದೀತು ಎಂದು ಅವಳ ಲೆಕ್ಕಾಚಾರ. ಸಾಹುಕಾರರು ಚಪ್ಪಲಿ ಬಿಟ್ಟು ಒಳಗೆ ಬಂದು ಒಂದೊಂದೇ ಫ್ಯಾನಿನ ಕೆಳಗೆ ನಿಲ್ಲುತ್ತಿದ್ದರು. ಕತ್ತು ಮೇಲೆತ್ತಿ, ಕಣ್ಣು ಕಿರಿದು ಮಾಡಿ, ತಲೆಯನ್ನು ಸಣ್ಣಗೆ ಸುತ್ತಿಸುತ್ತ ನೋಡುತ್ತಿದ್ದರು. ಫ್ಯಾನಿನ ಜೋರು ಕಂಡು ಹಿಗ್ಗುತ್ತಿದ್ದಾರೆಂದು ತಿಳಿದ ಅವ್ವ ಇನ್ನೊಂದು ನಂಬರು ಏರಿಸುತ್ತಿದ್ದಳು. ಛಲೋ ತಿರುಗುತ್ತವೆ ಎಂದು ಹೇಳಿ, ಕತ್ತು ತಿಕ್ಕಿಕೊಳ್ಳುತ್ತ ಅವರು ಹೋಗುತ್ತಿದ್ದರು. ಇದು ಒಂದು ವರ್ಷ ನಡೆಯಿತು. ಈಗ ನೆನೆದರೆ ನಗು ಬರುತ್ತದೆ, ಆಗ ನಾನೂ ಅವರನ್ನು ಫ್ಯಾನಿನ ಹುಚ್ಚಿನವರೆಂದೇ ನಂಬಿದ್ದೆ.

ಆ ವರ್ಷವೇ ಕುರ್ಡಿ ಎಂಬ ಊರಿಗೆ ಮದುವೆ ಮಾಡಿಕೊಟ್ಟಿದ್ದ ಯಲ್ಲಮ್ಮ ಎಂಬ ಹುಡುಗಿ ಹೆತ್ತ ದಿನವೇ ತವರಿನ ಹಳ್ಳಿಗೆ ಹೋದಳು, ಮರುದಿನ ಮುಂಜಾನೆ ರಕ್ತ ಹೋಗುವುದು ನಿಲ್ಲದೆ ಟ್ರ್ಯಾಕ್ಟರಿನಲ್ಲಿ ವಾಪಸು ಬಂದಳು. ಶುಕ್ರವಾರವಾದ್ದರಿಂದ ಡಾಕ್ಟರಮ್ಮ ಇದ್ದರು, ಬದುಕಿದಳು. ಅವ್ವ ಆ ದಿನ ಊಟ ಮಾಡಲಿಲ್ಲ. ಕೈತೊಳೆಯುವ ಕಡೆ ನಿಂತು, ನಲ್ಲಿ ಬಿಟ್ಟುಕೊಂಡು, ನನಗಲ್ಲ ಗೋಡೆಗೆ ಹೇಳುವ ಹಾಗೆ ಹೇಳಿದಳು, “ಮೂರ ದಿನ ನನ್ನ ಕಣ್ಣ ಮುಂದ ಇದ್ದಿದ್ರ ಇಷ್ಟಾಗತಿದ್ದಿಲ್ಲ. ಮೂರೇ ದಿನ.” ಅದಾದ ಸ್ವಲ್ಪ ದಿನಕ್ಕೆ ಕಮಿಟಿಯವರು, ಖಾಲಿ ಮಂಚಕ್ಕೆ ಕಾವಲು ಎಷ್ಟು ದಿನ, ದಸರೆಯ ತನಕ ನೋಡೋಣ, ಆಮೇಲೆ ಮಂಗಲ ಕಾರ್ಯಾಲಯ ಮಾಡೋಣ ಎಂದರು. ಅವ್ವನಿಗೆ ರಾಯಚೂರಿನ ದೊಡ್ಡ ದವಾಖಾನೆಯಲ್ಲಿ ಕೆಲಸ ಕಾದಿತ್ತು. ಅದು ಅವಳಿಗೆ ಬೇಡವಾಗಿತ್ತು. ಯಲ್ಲಮ್ಮನಂಥವರು ಟ್ರ್ಯಾಕ್ಟರಿನಲ್ಲಿ ಬಂದರೆ ಬಾಗಿಲು ತೆರೆಯುವವರು ಯಾರು ಎಂಬುದೊಂದೇ ಅವಳ ತಲೆಯಲ್ಲಿ.

ದಸರೆ ಮುಗಿದ ಶುಕ್ರವಾರ ಮಧ್ಯಾಹ್ನ ಕಮಿಟಿ ಬಂತು. ವಾರ್ಡಿನಲ್ಲಿ ಇಬ್ಬರು ಬಾಣಂತಿಯರಿದ್ದರು. ಕಮಿಟಿ ಹೋಗುವ ತನಕವಾದರೂ ಇರಿ ಎಂದು ಅವ್ವ ಗದ್ದ ಹಿಡಿದು ಬೇಡಿಕೊಂಡಿದ್ದಳು. ಇಬ್ಬರೂ ತಲೆಯ ತನಕ ಕಂಬಳಿ ಎಳೆದುಕೊಂಡು ಗಂಟುಮೂಟೆಯ ಹಾಗೆ ಮಲಗಿದ್ದರು. ಮೇಲೆ ಆರು ಫ್ಯಾನು ಗರಗರ ತಿರುಗುತ್ತಿದ್ದವು. ಸಾಹುಕಾರರು ಮಾತು ತೆಗೆಯಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಕಂಬಳಿಯೊಳಗಿನಿಂದ ಇಬ್ಬರೂ ಒಟ್ಟಿಗೆ ಉಸಿರುಬಿಟ್ಟು ಎದ್ದು ಕೂತರು. ಹಿತ್ತಲಲ್ಲಿ ಇದಕ್ಕೇ ಕಾಯುತ್ತಿದ್ದ ದುರುಗವ್ವ ಕೆಂಡದ ಶೇಗಡಿ ಹೊತ್ತು ಬಂದು ವಾರ್ಡಿನ ನಡುವೆ ಇಟ್ಟು ಒಂದು ಹಿಡಿ ಅಜವಾನ ಚೆಲ್ಲಿಯೇಬಿಟ್ಟಳು. ಡಾಕ್ಟರಮ್ಮ ಬಾಯಿ ತೆರೆದರು, ಕೆಮ್ಮು ಬಂತು, ಮಾತು ಬರಲಿಲ್ಲ. ಅವ್ವ ಗಾಬರಿಯಲ್ಲಿ ಸತ್ತ ಸ್ವಿಚ್ಚುಗಳನ್ನೇ ಟಕಟಕ ಒತ್ತುತ್ತಿದ್ದಳು. ಸಾಹುಕಾರರು ಇದಾವುದನ್ನೂ ನೋಡಲಿಲ್ಲ. ಅವರ ತಲೆಯ ಮೇಲಿನ ಫ್ಯಾನು ಮೆಲ್ಲಗಾಗುತ್ತ, ಇನ್ನೂ ಮೆಲ್ಲಗಾಗುತ್ತ, ನಿಂತಿತು. ಅವರು ಕೈಬೆರಳು ಮೇಲೆತ್ತಿ, ಒಂದನೆಯ ಇಯತ್ತೆಯ ಹುಡುಗನ ಹಾಗೆ, ಒಂದೊಂದೇ ಅಕ್ಷರ ಕೂಡಿಸಿ ತಾಯಿಯ ಹೆಸರು ಓದಿದರು.

“ಸಿಸ್ಟರವ್ವ, ಕರೆಂಟ್ ಬಂದ್ರೂ ಹಾಕಬ್ಯಾಡ್ರಿ. ನಮ್ಮವ್ವನ ಹೆಸರು ನಾ ಇವತ್ತ ಓದಾಕತ್ತೀನಿ.”

ನೀವು ನೊಂದುಕೊಳ್ಳುತ್ತೀರೆಂದು ಹಾಕುತ್ತಿದ್ದೆ ಎಂದು ಅವ್ವ ತೊದಲಿದಳು. ನೀವು ಪ್ರೀತಿಯಿಂದ ಹಾಕುವಾಗ ಆರಿಸಿರೆಂದು ಹೇಗೆ ಹೇಳಲಿ ಎಂದು ಅವರು. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡೇ ಒಂದು ವರ್ಷ ಕಳೆದಿದ್ದರು. ಬಾಣಂತಿಯರು ಸೆರಗು ಅಡ್ಡ ಹಿಡಿದು ನಕ್ಕರು. ಆಗ ಮಾತಾಡಿದ್ದು, ಕಮಿಟಿಯ ಎದುರು ಯಾವತ್ತೂ ಬಾಯಿ ತೆರೆಯದ ದುರುಗವ್ವ. ಶೇಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತೇ ಹೇಳಿದಳು.

“ಯಪ್ಪಾ, ನಿಮ್ಮವ್ವನ ಬಾಣಂತನ ಮಾಡಿದಾಕಿ ನಮ್ಮತ್ತಿ. ಎರಡನೇ ದಿನಾನೇ ಎದ್ದು ಬಾವಿಗೆ ನೀರಿಗೆ ಹೋದ್ಲಂತ. ಮೂರ ದಿನ ಹಿಡಿದು ಮಲಗಿಸವರು ಆಕಿಗೆ ಯಾರೂ ಇದ್ದಿಲ್ರಿ. ನಮ್ಮತ್ತಿ ಸಾಯೂತನಾ ಅದನ್ನೇ ಹೇಳತಿದ್ಲು.”

ಸಾಹುಕಾರರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಹೊಗೆಗೆ ಎಂದು ನಾವೆಲ್ಲ ಅಂದುಕೊಂಡೆವು. ಆಮೇಲೆ ಅವರು ಡಾಕ್ಟರಮ್ಮನ ಕಡೆ ತಿರುಗಿ, ಈ ಹುಡುಗಿಯರು ಇಲ್ಲಿ ಮೂರು ದಿನ ಮಲಗಬೇಕಾದರೆ ಏನು ಮಾಡಬೇಕು ಹೇಳಿರಿ ಎಂದು ಕೇಳಿದರು. ಮಂಗಲ ಕಾರ್ಯಾಲಯದ ಮಾತು ಅವತ್ತು ಬಂದೇ ಇಲ್ಲ.

ಡಾಕ್ಟರಮ್ಮ ಹಟಮಾರಿಯೇ ಹೊರತು ಕೆಟ್ಟವರಲ್ಲ. ವಾರ್ಡಿನಲ್ಲಿ ಬೆಂಕಿ ಇಲ್ಲವೇ ಇಲ್ಲ, ಕೂಸಿನ ಮೂಗಿಗೆ ಹೊಗೆ ಸೋಕಕೂಡದು, ಕಿಟಕಿ ತೆರೆದಿರಬೇಕು ಎಂದು ಬೆರಳು ಮಡಚಿ ಹೇಳಿ, ಉಳಿದದ್ದಕ್ಕೆ ಒಪ್ಪಿದರು. ಹಿತ್ತಲಲ್ಲಿ ಬಚ್ಚಲು ಕಟ್ಟಿದರು. ತೊಗರಿಕಟ್ಟಿಗೆಯ ಉರಿಯ ಮೇಲೆ ಹಂಡೆ ಕಾಯತೊಡಗಿತು, ಪಕ್ಕದ ಸಣ್ಣ ಕೋಣೆಯಲ್ಲಿ ದುರುಗವ್ವನ ಶೇಗಡಿ ರಾಜ್ಯವಾಳಿತು. ಹೆಂಗಸರು ಮೂರು ದಿನ ಇದ್ದರು, ಕೆಲವರು ಐದು ದಿನವಾದರೂ ಏಳಲಿಲ್ಲ. ಮೊದಲು ನನ್ನ ಗಣಿತ ಹೋಯಿತು, ಆಮೇಲೆ ಸಮಾಜ, ದೀಪಾವಳಿಯ ಹೊತ್ತಿಗೆ ಕನ್ನಡವೂ ಹೋಗಿ ನಾನು ಅಡುಗೆಮನೆಯ ಹೊಸ್ತಿಲಿಗೆ ಬಂದು ಬಿದ್ದೆ. ಹಟ ಮಾಡಿ ಅತ್ತಾಗ ಅವ್ವ ನಕ್ಕಳು, ಎಷ್ಟೋ ದಿನದ ಮೇಲೆ ಹಲ್ಲು ಕಾಣುವ ಹಾಗೆ. ಸೋಮವಾರ ಸಾಹುಕಾರರು ಬಂದು ಬಾಗಿಲಲ್ಲೇ ನಿಂತು, ನಿಂತ ಫ್ಯಾನುಗಳನ್ನು ಓದಿಕೊಂಡು ಹೋಗುತ್ತಿದ್ದರು. ಒಬ್ಬ ಅಜ್ಜಿ ಅವರನ್ನು ಕರೆದು ಅಂಟಿನುಂಡೆ ಕೊಟ್ಟದ್ದೂ ಉಂಟು, ಬಾಣಂತಿಯ ಪಾಲಿನದು.

ಆಸ್ಪತ್ರೆ ಆಮೇಲೆ ಬಹಳ ವರ್ಷ ನಡೆಯಿತು. ಮುಚ್ಚಿದಾಗ ಜಗಳವೇನೂ ಆಗಲಿಲ್ಲ. ರಸ್ತೆಗಳು ಸುಧಾರಿಸಿದವು, ಹಳ್ಳಿಯ ಬಾಗಿಲಿಗೇ ಆಂಬುಲೆನ್ಸ್ ಬರತೊಡಗಿತು, ಸರ್ಕಾರಿ ದವಾಖಾನೆಯಲ್ಲಿ ಮಂಚಗಳು ಹೆಚ್ಚಾದವು. ಎಲ್ಲಿ ಹೆತ್ತರೇನು, ಹೆತ್ತಾಕೆ ಉಳಿದರೆ ಸಾಕು ಎಂದು ಹೇಳಿ ಅವ್ವ ತನ್ನ ಟ್ರಂಕು ಕಟ್ಟಿದಳು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು, ನಾನು ನೋಡಿದೆ. ಈಗ ಆ ಆಸ್ಪತ್ರೆ ಕೊನೆಗೂ ಮಂಗಲ ಕಾರ್ಯಾಲಯವೇ ಆಗಿದೆ. ಹೋದ ವರ್ಷ ಒಂದು ಮದುವೆಗೆ ಹೋಗಿದ್ದೆ. ನಮ್ಮ ಅಡುಗೆಮನೆಯಲ್ಲಿ ಮದುಮಗಳನ್ನು ಸಿಂಗರಿಸುತ್ತಿದ್ದರು, ಶೇಗಡಿಯ ಕೋಣೆಯಲ್ಲಿ ಬಾಳೆಎಲೆ ಪೇರಿಸಿದ್ದರು. ಫ್ಯಾನುಗಳು ಅವೇ, ಆದರೆ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಸಾಹುಕಾರರಿಲ್ಲ, ದುರುಗವ್ವ ಇಲ್ಲ. ಅವ್ವ ಹೋಗಿ ಎರಡು ವರ್ಷವಾಯಿತು.

ನಿನ್ನೆ ಶಾಲೆಯಿಂದ ಬಂದು, ಅಂಟಿನುಂಡೆ ಕಟ್ಟಿಕೊಂಡು ಕೆಳಗಿನ ಮನೆಗೆ ಹೋದೆ. ದೊಡ್ಡ ದವಾಖಾನೆಯಲ್ಲಿ ಮೂರು ದಿನ ಇದ್ದು ಬಂದಿದ್ದಾಳಂತೆ ಹುಡುಗಿ, ಯಾರೂ ಕೈಮುಗಿಯಬೇಕಾಗಲಿಲ್ಲ. ತಲೆಗೆ ಬಟ್ಟೆ ಕಟ್ಟದೆ, ಮೊಬೈಲು ನೋಡುತ್ತ, ತಿರುಗುವ ಫ್ಯಾನಿನ ಕೆಳಗೆ ಆರಾಮಾಗಿ ಮಲಗಿದ್ದಳು. ಹೊಗೆ ಅವಳ ಅತ್ತೆಯ ಸಮಾಧಾನಕ್ಕೆ ಅಷ್ಟೆ. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಎಣ್ಣೆ ನೆತ್ತಿ ಮೂಸಿ ನೋಡುತ್ತಿದ್ದೆ, ಕರೆಂಟು ಹೋಯಿತು. ಫ್ಯಾನು ಮೆಲ್ಲಗಾಯಿತು. ನಾನು ಅಭ್ಯಾಸದಂತೆ ಕತ್ತೆತ್ತಿದೆ.

“ಧೂಳ ಕುಂತದೇನ್ರಿ ಟೀಚರ್?” ಎಂದು ಅತ್ತೆ ಸಂಕೋಚದಿಂದ ಕೇಳಿದರು.

ಇಲ್ಲ, ಸ್ವಚ್ಛ ಇದೆ ಎಂದೆ. ನಿಜಕ್ಕೂ ಸ್ವಚ್ಛವಾಗಿಯೇ ಇತ್ತು, ಮೂರು ರೆಕ್ಕೆಯ ಮೇಲೂ ಏನೂ ಬರೆದಿರಲಿಲ್ಲ. ಅದು ಪೂರ್ತಿ ನಿಲ್ಲುವ ತನಕ ಕಾದೆ. ನಿಂತ ಮೇಲೆ, ಕೂಸನ್ನು ತಟ್ಟುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಈರಮ್ಮನವರ. ಸ್ಮರಣಾರ್ಥ.