ಮೆತ್ತಗೆ ಬಾರಿಸುವವನ ಕಟ್ಟಿಗೆ

ಹುಮನಾಬಾದಿನ ಪಂಡರಿ ಬರುವುದು ಕಂಡರೆ ಜನ ಮುಚ್ಚಿದ ಬಾಗಿಲನ್ನೂ ತೆರೆದಿಡುತ್ತಾರೆ. ಮುಚ್ಚಿದ್ದರೆ ಅವನು ಅದನ್ನು ಬೆರಳಿನಿಂದ ಕುಟ್ಟಿ, ಕಿವಿ ಹಚ್ಚಿ ಅರ್ಧ ತಾಸು ಅಲ್ಲೇ ನಿಲ್ಲುತ್ತಾನೆ. ಹೈದರಾಬಾದಿನಿಂದ ತಂದ ಅವನ ನೈಲಾನ್ ತಂತಿಯ ಗಿಟಾರಿನ ದನಿ ಹೊಮ್ಮುವ ಎದೆಹಲಗೆ ಅರವತ್ತೆಂಟನೇ ಇಸವಿಯ ಬಿಸಿಲಿಗೆ ಸೀಳಿತು, ಅಂದಿನಿಂದ ಹೊಸ ಹಲಗೆಯ ಹುಡುಕಾಟ ನಡೆದೇ ಇದೆ. ಬಸವಕಲ್ಯಾಣದ ಕಟ್ಟಿಗೆ ಅಡ್ಡೆಯ ಸಾಗವಾನಿ, ಮುಡಬಿಯ ಹಳೆಯ ನೊಗ, ಮದುಮಗ ಕುಳಿತಿರುವಾಗಲೇ ಅವನ ಕೆಳಗಿನ ಮಣೆ, ಎಲ್ಲವನ್ನೂ ಕುಟ್ಟಿ ನೋಡಿದ್ದಾನೆ. "ಸಾಗವಾನಿನೇ ಹಾಕ್ತೀನಿ, ಬಿಡೋ ಯಪ್ಪಾ" ಎಂದು ಬಡಿಗ ಬಂಡೆಪ್ಪ ಕೈಮುಗಿದರೆ, "ಉಗುರಿಲೆ ಜಗ್ಗಿ ಬಾರಿಸಾಂವಗ ಅದು ಬರೋಬರಿ. ನಾ ಬೆರಳಿನ ಮೆತ್ತನ ತುದೀಲೆ ಮುಟ್ಟಾಂವ. ನನಗ ಹಗುರ ಕಟ್ಟಿಗಿ ಬೇಕು, ಮುಟ್ಟಿದ್ರ ಸಾಕು, ಮಾತಾಡಬೇಕು" ಎನ್ನುತ್ತಾನೆ. "ಹಂಗಾದ್ರ ಜೋರಲೆ ಬಾರಿಸೋದು ಕಲಿ" ಎಂದು ಬಂಡೆಪ್ಪ ಅಂದರೆ, ಪಂಡರಿ ಮುಂದಿನ ಹಲಗೆಗೆ ಕಿವಿ ಹಚ್ಚುತ್ತಾನೆ. ತೊಟ್ಟಿಲಲ್ಲಿ ಮಲಗಿದ ತನ್ನ ಕೂಸು ಏಳಬಾರದೆಂದು ಅವನು ಹಾಗೆ ಮೆತ್ತಗೆ ಬಾರಿಸುವುದನ್ನು ಕಲಿತಿದ್ದ. ಗಿಟಾರು ಸೀಳಿದ ವರ್ಷವೇ ಕೂಸು ಜ್ವರದಲ್ಲಿ ಹೋಯಿತು. ಬೆರಳುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅವನು ಬಯಸುವ ದನಿ ಈ ಸೀಮೆಯಲ್ಲಿ ಒಂದೇ ಕಟ್ಟಿಗೆಗಿದೆ, ಅದು ಅವನ ಮನೆಯ ಜಂತಿಗೆ ತೂಗುವ, ಹಗುರವಾದ ಶಿವನಿ ಮರದ ಕಟ್ಟಿಗೆಯ ತೊಟ್ಟಿಲು. ಸಂಜೆಗೊಮ್ಮೆ ಅದನ್ನೂ ಕುಟ್ಟುತ್ತಾನೆ. ಖಾಲಿ ತೊಟ್ಟಿಲು ತೂಗಬಾರದಲ್ಲ, ಅದಕ್ಕೆ ಇನ್ನೊಂದು ಕೈಯಿಂದ ಅಲುಗದಂತೆ ಹಿಡಿದಿರುತ್ತಾನೆ. "ಬಿಚ್ಚಿಕೊಂಡು ಒಯ್ಯಿರಿ, ನಾನೇ ಹೇಳಾಕತ್ತೇನಲ್ಲ" ಎನ್ನುತ್ತಾಳೆ ಹೆಂಡತಿ ಧೂಳಮ್ಮ. "ತಡಿ, ನಾಳಿ ಕಲ್ಯಾಣಕ್ಕ ಹೋಗಿ ಇನ್ನೊಂದು ಹಲಗಿ ನೋಡಿ ಬರ್ತೀನಿ" ಎನ್ನುತ್ತಾನೆ ಪಂಡರಿ, ಕೂಸು ಮಲಗಿರುವ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ.